ಕಿವಿ ಬೀರೇಶನ ಹೊಟ್ಟೆಕಿಚ್ಚು

ಐಮಂಗಲದಲ್ಲಿ ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದು, ಬೈಕು ರಿಪೇರಿ ಮಾಡುವವರು ಯಾರಿದ್ದಾರೆ ಎಂದು ಯಾರನ್ನೇ ಕೇಳಿದರೂ "ಕಿವಿ ಬೀರೇಶನ ಹತ್ರ ಹೋಗ್ರಿ" ಎನ್ನುತ್ತಿದ್ದ ಕಾಲವೊಂದಿತ್ತು. ಅಂಗಡಿಯ ತಗಡಿನ ಮೇಲೆ ಬೀರಲಿಂಗೇಶ್ವರನ ಹೆಸರನ್ನು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ್ದರೂ ಅದನ್ನು ಓದಿದವರು ಕಡಿಮೆ. ಬೀರೇಶನ ಕಿವಿ ನೋಡುವುದಕ್ಕೆ ಎಲ್ಲರ ಕಿವಿಯಂತೆಯೇ ಇದೆ. ಬಲಗಡೆಯದು ತುಸು ಮುರುಟಿದೆ, ಅಷ್ಟೇ. ಆದರೆ ಆ ಕಿವಿಗಿದ್ದ ಮರ್ಯಾದೆ ಸುತ್ತಮುತ್ತಲ ಹಳ್ಳಿಗಳಲ್ಲಿ ಬೇರೆ ಯಾರ ಕಿವಿಗೂ ಇರಲಿಲ್ಲ.

ಅವನು ಕೇಳುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಅಂಗಡಿಯ ಮುಂದೆ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಮಡಿಸಿ ಹಾಸಿದ ಕರಿಕಂಬಳಿ. ಅದು ಅವರಪ್ಪ ಕರಿಸಿದ್ದಪ್ಪ ಹೊದೆಯುತ್ತಿದ್ದ ಕಂಬಳಿ. ಕುರುಬರ ಮನೆಯಲ್ಲಿ ಕಂಬಳಿ ಹಾಸಿದ ಜಾಗವೆಂದರೆ ಗದ್ದುಗೆ, ಅದರ ಮೇಲೆ ಬೇಕಾಬಿಟ್ಟಿ ಯಾರೂ ಕೂರುವುದಿಲ್ಲ. ಬೀರೇಶನೂ ಬೇಕಾಬಿಟ್ಟಿ ಕೂರುತ್ತಿರಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಗಾಡಿಯವನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ, ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ಕೂತು, ಎಡಗೈ ಹೆಬ್ಬೆರಳಿನಿಂದ ಎಡಗಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಬಲಗಿವಿಗೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಒತ್ತಿ, ಅದರ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆಯುವಾಗ ಗಾಡಿಯ ಕಾಯಿಲೆ ಏನೆಂಬುದು ಅವನ ಬಾಯಲ್ಲಿರುತ್ತಿತ್ತು.

ಅವನ ಹೆಸರು ಹಿರಿಯೂರಿನವರೆಗೂ ಹೋದದ್ದು ನಾಕಿಂಗ್ ಹಿಡಿಯುವುದರಿಂದ. ಹಿಂದೆ ಭಾರ ಹೇರಿಕೊಂಡು ಏರು ಹತ್ತುವಾಗ, ಆಕ್ಸಿಲರೇಟರ್ ತಿರುವಿದ ಕೂಡಲೇ ಎಂಜಿನ್ನಿನ ಒಳಗೆ ಟಿಣ್ ಟಿಣ್ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಕೈ ಸಡಿಲಿಸಿದರೆ ನಿಂತುಹೋಗುತ್ತದೆ. ವಾಲ್ವುಗಳನ್ನು ಒತ್ತುವ ಟಪೆಟ್ಟಿನ ಸದ್ದು ಹಾಗಲ್ಲ, ಗಾಡಿ ನಿಂತಲ್ಲೇ ನಿಂತಿದ್ದರೂ ಕಿಟಿಕಿಟಿ ಎನ್ನುತ್ತಲೇ ಇರುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡು, ನಾಕಿಂಗ್ ಬಂದ ಗಾಡಿಗೆ ಟಪೆಟ್ ಬಿಗಿ ಮಾಡಿ ಕಳಿಸಿಬಿಡುವ ಮೆಕ್ಯಾನಿಕ್ಕುಗಳು ಬೇಕಾದಷ್ಟು ಜನ. ಬೀರೇಶ ಹಾಗೆ ಮಾಡಿದವನಲ್ಲ. ಅಂಗಡಿಯ ಎದುರಿನ ಕೆರೆ ಏರಿಯ ಮೇಲಕ್ಕೆ ಗಾಡಿ ಹತ್ತಿಸಿ, ತಾನು ಕೆಳಗೆ ಕಂಬಳಿಯ ಮೇಲೆ ಕೂತು, ಎಡಗಿವಿ ಮುಚ್ಚಿಕೊಂಡು ಬಲಗಿವಿಯಿಂದ ಹಿಡಿದುಬಿಡುತ್ತಿದ್ದ.

ಈ ವಿದ್ಯೆಯನ್ನು ಅವನು ಯಾವ ಗ್ಯಾರೇಜಿನಲ್ಲೂ ಕಲಿತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ಕುರಿ ಹಿಂದೆ ಹೋಗುತ್ತಿದ್ದ. ಮಂದೆಯಲ್ಲಿ ಒಂದು ಕುರಿ ಕೆಮ್ಮಿದರೂ ಅದು ಯಾವುದೆಂದು ಹುಡುಕಿ ಬೇರೆ ಕಟ್ಟಬೇಕು, ಇಲ್ಲದಿದ್ದರೆ ಕಾಯಿಲೆ ಮಂದೆಗೆಲ್ಲ ಹಬ್ಬುತ್ತದೆ. ಕರಿಸಿದ್ದಪ್ಪ ಮಗನನ್ನು ಕಂಬಳಿ ಕೊಪ್ಪೆಯೊಳಗೆ ಕೂರಿಸಿಕೊಂಡು, ಅವನ ಎಡಗಿವಿಯನ್ನು ತನ್ನ ಹೆಬ್ಬೆರಳಿನಿಂದ ಮುಚ್ಚಿ, "ಬಲಗಿವಿ ಮಂದೆಗೆ ಇಟ್ಕಳಪ್ಪ. ಎಡಗಿವಿ ಮನೆಯೋರಿಗೆ ಸಾಕು. ಎರಡ್ರಲ್ಲೂ ಕೇಳಾಕೆ ಹೋದ್ರೆ ಎಲ್ಲಾ ಕುರಿನೂ ಕೆಮ್ಮಿದಂಗೆ ಕೇಳ್ತೈತೆ" ಎಂದಿದ್ದ. ಮುಂದೆ ಬೀರೇಶ ಕುರಿ ಬಿಟ್ಟ, ಹಿರಿಯೂರಿನ ಒಬ್ಬ ಮಿಸ್ತ್ರಿಯ ಕೈಕೆಳಗೆ ಸ್ಪ್ಯಾನರ್ ಹಿಡಿದ, ಊರಿಗೆ ಬಂದು ಸ್ವಂತ ಅಂಗಡಿ ಹಾಕಿದ. ಎಡಗಿವಿಯ ಮೇಲಿನ ಹೆಬ್ಬೆರಳನ್ನು ಮಾತ್ರ ಬಿಡಲಿಲ್ಲ.

ಹೆಂಡತಿ ರೋಜಾ ಮತ್ತೋಡಿನ ಕಡೆಯವಳು. ತವರಿನಲ್ಲಿ ಅವಳೂ ಕುರಿ ಕಾದವಳೇ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿ ಅಂಗಡಿಗೆ ಬರತೊಡಗಿದಳು. ಮೊದಲು ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಳು, ಆಮೇಲೆ ಪಂಕ್ಚರ್ ಹಾಕುವುದನ್ನು ಕಲಿತಳು. ಬೀರೇಶ ಬಂದವರಿಗೆಲ್ಲ "ಟ್ಯೂಬ್ ಬೇಕಾದ್ರೆ ಹರೀಬೋದು, ನಮ್ಮನೆಯಾಕೆ ಹಾಕಿದ ಪ್ಯಾಚ್ ಬಿಚ್ಚಂಗಿಲ್ಲ" ಎಂದು ಹೇಳಿಕೊಂಡು ತಿರುಗಿದ. ಅವಳು ಪಂಕ್ಚರ್ ಹಾಕುವಷ್ಟರಲ್ಲೇ ಇದ್ದ ದಿನಗಳಲ್ಲಿ ಅವನಿಗೆ ಹೆಂಡತಿಯ ಮೇಲೆ ಬಲು ಹೆಮ್ಮೆ.

ಹೆಮ್ಮೆ ಹೋಗಿ ಉರಿ ಹತ್ತಿಕೊಂಡದ್ದು ಹಾಲಿನ ರಂಗೇಶನ ಗಾಡಿಯಿಂದ. ರಂಗೇಶ ಹಾಲಿನ ಕ್ಯಾನು ಹೇರಿಕೊಂಡೇ ಅಂಗಡಿಗೆ ಬಂದು, ಗಾಡಿ ಏನೋ ಸದ್ದು ಮಾಡುತ್ತಿದೆ ಎಂದ. ಬೀರೇಶ ಕಂಬಳಿಯ ಮೇಲೆ ಕೂತ, ಏರಿ ಹತ್ತಿಸಿದ, ಇಳಿಸಿದ, ಕಣ್ಣು ತೆರೆದು "ಟಪೆಟ್" ಎಂದ.

ಪಂಕ್ಚರ್ ತೊಟ್ಟಿಯ ಬಳಿ ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿದ್ದ ರೋಜಾ ತಲೆ ಎತ್ತದೆಯೇ ಹೇಳಿದಳು: "ಟಪೆಟ್ ಅಲ್ರಿ ಅದು. ಏರಿ ಹತ್ತುವಾಗ ಮಾತ್ರ ಟಿಣ್ ಅಂತು. ಇಳಿವಾಗ ಸುಮ್ನಾಯ್ತಲ್ಲ."

ರಂಗೇಶ ನಕ್ಕ. ಬೀರೇಶನೂ ನಕ್ಕು, ಟಪೆಟ್ ಬಿಗಿ ಮಾಡಿ ಕಳಿಸಿದ. ಮರುದಿನ ರಂಗೇಶ ವಾಪಸು ಬಂದ, ಸದ್ದು ಹಾಗೇ ಇತ್ತು. ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದರೆ ಒಳಗೆ ಕಾರ್ಬನ್ ಸೀದ ಪಾತ್ರೆಯ ತಳದಂತೆ ಕಚ್ಚಿಕೊಂಡಿತ್ತು. ಅದನ್ನು ಕೆರೆದು ತೆಗೆದ ಮೇಲೆ ಗಾಡಿ ತೆಪ್ಪಗೆ ಏರಿ ಹತ್ತಿತು. "ಬೀರೇಶಣ್ಣ, ಇನ್ಮೇಲೆ ಅಕ್ಕನ ಕೇಳಿ ಕೈ ಹಾಕು" ಎಂದು ರಂಗೇಶ ಎಲ್ಲರೆದುರು ಹೇಳಿ ಹೋದ.

ಆ ದಿನ ಬೀರೇಶ ಊಟ ಮಾಡಿದ್ದು ಅರ್ಧ. ಹೆಂಡತಿ ತಪ್ಪು ಹೇಳಿದ್ದರೆ ಕ್ಷಮಿಸಿಬಿಡುತ್ತಿದ್ದ. ಸರಿ ಹೇಳಿದ್ದಳು, ಅದನ್ನು ಹೇಗೆ ಕ್ಷಮಿಸುವುದು? ಅದೂ ಟ್ಯೂಬಿನಿಂದ ಕಣ್ಣು ತೆಗೆಯದೆ, ಕಂಬಳಿಯ ಮೇಲೆ ಕೂರದೆ, ಕಿವಿ ಮುಚ್ಚಿಕೊಳ್ಳದೆ, ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು! ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಉರಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಣ್ಣ ಸದ್ದು ಅವನಿಗೆ ಕೇಳುತ್ತಲೇ ಇರಲಿಲ್ಲ. ಸೈಲೆನ್ಸರ್ ಬಿಚ್ಚಿದ ಗಾಡಿಗಳ ಅಬ್ಬರವನ್ನೆಲ್ಲ ವರ್ಷಾನುಗಟ್ಟಲೆ ತಿಂದ ಬಲಗಿವಿ ಸ್ವಲ್ಪ ಸ್ವಲ್ಪವೇ ಮಂದವಾಗಿತ್ತು. ಜನರ ಮಾತಿಗೇನೂ ತೊಂದರೆ ಇರಲಿಲ್ಲ. ಫೋನು ಬಂದರೆ ಎಡಗಿವಿಗೆ ಹಿಡಿಯುತ್ತಿದ್ದ. ಯಾಕೆಂದು ಯಾರಾದರೂ ಕೇಳಿದರೆ ಬಲಗೈಯಲ್ಲಿ ಗ್ರೀಸು ಎನ್ನುತ್ತಿದ್ದ, ತಾನೂ ಹಾಗೆಯೇ ನಂಬಿದ್ದ. ಆದರೆ ಕಂಬಳಿಯ ಮೇಲೆ ಕೂತು ಕಣ್ಣು ಮುಚ್ಚಿದರೆ ಎಂಜಿನ್ನಿನ ದಪ್ಪ ಸದ್ದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ಕಿವಿ ಬೀರೇಶನಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದರೆ ಊರು ಬಿದ್ದು ಬಿದ್ದು ನಗುತ್ತದೆ. ಹೆಸರು ಹೋದ ಮೇಲೆ ಅವನಿಗೆ ಉಳಿಯುವುದೇನು? ಈ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅವನ ಪುಣ್ಯಕ್ಕೆ, ರಂಗೇಶನ ಗಾಡಿಯ ಪ್ರಸಂಗವಾದ ಮೇಲೆ ಬರುವ ಗಿರಾಕಿಗಳು ಬುದ್ಧಿವಂತರಾಗಿಬಿಟ್ಟಿದ್ದರು. "ನಿಂತಾಗ ಏನೂ ಇಲ್ಲ ಕಣಣ್ಣ, ಏರಲ್ಲಿ ಮಾತ್ರ ಟಿಣ್ ಅಂತೈತೆ" ಎಂದೋ, "ಗಾಡಿ ಬಿಸಿಯಾದ್ಮೇಲೆ ಕಿಟಿಕಿಟಿ ಜಾಸ್ತಿ ಆಗ್ತೈತೆ" ಎಂದೋ ತಾವಾಗಿಯೇ ಸದ್ದಿನ ಜಾತಕ ಬಿಚ್ಚಿಡುತ್ತಿದ್ದರು. ಬೀರೇಶ ಎಲ್ಲವನ್ನೂ ಕೇಳಿಸಿಕೊಂಡು, ಆಮೇಲೆ ಕಂಬಳಿಯ ಮೇಲೆ ಕೂತು, ಕಣ್ಣು ಮುಚ್ಚುವ ಶಾಸ್ತ್ರ ಮುಗಿಸಿ ತೀರ್ಪು ಕೊಡುತ್ತಿದ್ದ. ಗಿರಾಕಿಗಳ ಬಾಯಿ ಬಿಡಿಸುವುದರಲ್ಲಿ ತಾನು ಎಂಥ ಚಾಲಾಕಿ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ರೋಜಾ ಆ ದಿನದಿಂದ ಅವನೆದುರು ಒಂದು ಸದ್ದಿನ ಬಗ್ಗೆಯೂ ಬಾಯಿ ಬಿಡಲಿಲ್ಲ. ಆದರೆ ರಂಗೇಶನ ಬಾಯಿಗೆ ಬೀಗ ಹಾಕುವವರು ಯಾರು? ಹಾಲು ಹಾಕಿದ ಊರಲ್ಲೆಲ್ಲ "ಕಿವಿ ಅಕ್ಕ" ಎಂದು ಸಾರಿಕೊಂಡು ಬಂದ. ಹೆಸರಿನ ಅರ್ಧ ಆಗಲೇ ಮನೆಯೊಳಗೇ ಕೈಬದಲಾಯಿಸಿತ್ತು. ಗಿರಾಕಿಗಳು ಬಂದ ಕೂಡಲೇ ಪಂಕ್ಚರ್ ತೊಟ್ಟಿಯ ಬಳಿ ನಿಂತು ಅವಳೊಂದಿಗೆ ಎರಡು ಮಾತಾಡಿಯೇ ಇವನ ಬಳಿಗೆ ಬರುತ್ತಿದ್ದರು. ಅವಳು ತಲೆ ಬಗ್ಗಿಸಿಕೊಂಡು ಮೆಲ್ಲಗೆ ಏನೋ ಹೇಳುವುದು, ಅವರು ತಲೆಯಾಡಿಸುವುದು ಬೀರೇಶನಿಗೆ ಕಾಣುತ್ತಿತ್ತು. ಏನು ಹೇಳುತ್ತಿದ್ದಾಳೆ? ಇನ್ನೇನು, ಇವನಿಗೆ ಏನೂ ಗೊತ್ತಾಗುವುದಿಲ್ಲ, ನನ್ನನ್ನು ಕೇಳಿ ಎನ್ನುತ್ತಿದ್ದಾಳೆ. ಕಟ್ಟಿಕೊಂಡವಳೇ ಗಿರಾಕಿಗಳ ಕಿವಿ ಊದುತ್ತಿದ್ದಾಳೆ ಎಂದು ಹಲ್ಲು ಕಡಿದ.

ಹೊಟ್ಟೆಕಿಚ್ಚಿನ ಮನುಷ್ಯ ಎಷ್ಟು ಸಣ್ಣವನಾಗಬಲ್ಲನೋ ಅಷ್ಟೂ ಸಣ್ಣವನಾದ. ಗಾಡಿ ಬಂತೆಂದರೆ ಅವಳನ್ನು ಟೀ ತರಲು ಅಟ್ಟುತ್ತಿದ್ದ. ಏರಿ ಹತ್ತಿಸುವ ಹೊತ್ತಿಗೆ ಸರಿಯಾಗಿ ಕಂಪ್ರೆಸರ್ ಚಾಲೂ ಮಾಡಿ ಗದ್ದಲ ಎಬ್ಬಿಸುತ್ತಿದ್ದ. ಜಿಡ್ಡು ಹಿಡಿದ ಚೈನುಗಳನ್ನೆಲ್ಲ ಅವಳ ಮುಂದೆ ಗುಡ್ಡೆ ಹಾಕುತ್ತಿದ್ದ. ಅವಳು ಟೀ ತಂದಳು, ಚೈನು ತೊಳೆದಳು. ಜಗಳವಾಡಿದ್ದರಾದರೂ ಅವನಿಗೆ ಸಮಾಧಾನವಾಗುತ್ತಿತ್ತು. ಇದೆಲ್ಲ ಸಾಲದೆಂಬಂತೆ ಅವ್ವ ಗಿರಿಯಮ್ಮ ಒಂದು ದಿನ ಊಟಕ್ಕೆ ಕೂತಾಗ, ಸೊಸೆಯ ತಟ್ಟೆಗೆ ಮುದ್ದೆ ಹಾಕುತ್ತಾ, "ನಿಮ್ಮಪ್ಪನ ಕಿವಿ ಎಲ್ಲೂ ಹೋಗಿಲ್ಲ ಬಿಡು, ಈ ಮನೇಲೇ ಐತೆ. ಮಗನ್ನ ದಾಟ್ಕಂಡು ಸೊಸೆಗೆ ಬಂದೈತೆ" ಎಂದುಬಿಟ್ಟಳು. ಬೀರೇಶ ತಟ್ಟೆ ಬಿಟ್ಟು ಎದ್ದ.

ಹೀಗಿರುವಾಗ ಭೀಮಸಮುದ್ರದಿಂದ ಶಿವಕುಮಾರಪ್ಪ ಎಂಬ ಅಡಿಕೆ ವ್ಯಾಪಾರಿ ತಮ್ಮ ತಂದೆಯ ಕಾಲದ ಬುಲೆಟ್ ಏರಿಕೊಂಡು ಅಷ್ಟು ದೂರದಿಂದ ಬಂದರು. ದುರ್ಗದ ಕಡೆ ಏರು ರಸ್ತೆಯಲ್ಲಿ ಗಾಡಿ ಯಾಕೋ ಒಳಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಮಾಡುತ್ತಿದೆ, ತೋರಿಸಿದ ಕಡೆಯೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು ಎಂಬುದು ಅವರ ದೂರು. ಗಾಡಿ ನಿಲ್ಲಿಸಿ, ಕನ್ನಡಕ ಒರೆಸಿಕೊಳ್ಳುತ್ತಾ, ಎದುರಿಗೆ ನಿಂತಿದ್ದ ಬೀರೇಶನನ್ನೇ ಕೇಳಿದರು:

"ಏನಪ್ಪ, ಕಿವಿ ಅಕ್ಕನ ಅಂಗಡಿ ಇದೇನಾ?"

ಬೀರೇಶನ ಮುಖ ಕಪ್ಪಿಟ್ಟಿತು. "ಅಂಗಡಿ ನಂದು ಸಾವ್ಕಾರ್ರೆ. ಬರ್ರಿ, ಕುಂತ್ಕಳ್ರಿ" ಎಂದ.

ಈ ಗಾಡಿಯಲ್ಲಿ ತಾನೇ ಗೆಲ್ಲಬೇಕು ಎಂದು ಅವನು ಆಗಲೇ ನಿಶ್ಚಯಿಸಿದ್ದ. ಈಗಿನ ಗಾಡಿಗಳಲ್ಲಿ ಕಿಡಿ ಯಾವಾಗ ಹಾರಬೇಕೆಂಬುದನ್ನು ಕಂಪನಿಯವರೇ ಗೊತ್ತು ಮಾಡಿ ಮುಚ್ಚಿಟ್ಟಿರುತ್ತಾರೆ, ಯಾರೂ ಕೈ ಹಾಕುವಂತಿಲ್ಲ. ಹಳೇ ಬುಲೆಟ್ಟಿನಲ್ಲಿ ಮಾತ್ರ ಕಿಡಿ ಹಾರಿಸುವ ಪಾಯಿಂಟ್ ಕೂರಿಸಿದ ತಗಡಿನ ಪ್ಲೇಟನ್ನು ಒಂದಿಷ್ಟು ಆಚೀಚೆ ತಿರುಗಿಸಿದರೆ ಕಿಡಿಯ ಟೈಮಿಂಗ್ ಮುಂದಾಗುತ್ತದೆ, ಹಿಂದಾಗುತ್ತದೆ. ಇದು ಹಳಬರ ಕೆಲಸ. ಪಂಕ್ಚರ್ ಹಾಕುವವಳಿಗೆ ಇದೆಲ್ಲ ಎಲ್ಲಿಂದ ಬರಬೇಕು ಎಂದುಕೊಂಡ. ಅವಳು ಸೀಮೆಎಣ್ಣೆಯಲ್ಲಿ ಇಂಥ ಎಷ್ಟೋ ಪ್ಲೇಟುಗಳನ್ನು ತೊಳೆದಿದ್ದಳು, ಅವನು ಅವನ್ನು ಕೂರಿಸುವುದನ್ನು ಪಕ್ಕದಲ್ಲೇ ಕೂತು ನೋಡಿದ್ದಳು ಎಂಬುದು ಅವನ ನೆನಪಿಗೆ ಬರಲಿಲ್ಲ.

ಹಾಲು ಹಾಕಿ ಬಂದಿದ್ದ ರಂಗೇಶನನ್ನು ಹಿಂದೆ ಕೂರಿಸಿಕೊಂಡು ಶಿವಕುಮಾರಪ್ಪ ಏರಿ ಹತ್ತಿದರು. ಬೀರೇಶ ಕಂಬಳಿಯ ಮೇಲೆ ಕೂತು ಎಡಗಿವಿ ಅದುಮಿಕೊಂಡ. ಡುಗುಡುಗು ಬಿಟ್ಟು ಬೇರೇನೂ ಕೇಳಲಿಲ್ಲ. ಈ ಸಲ ರೋಜಾ ಗಿರಾಕಿಯೊಂದಿಗೆ ತೊಟ್ಟಿಯ ಬಳಿ ಮಾತಾಡಲು ಅವನೇ ಬಿಟ್ಟಿರಲಿಲ್ಲ, ಹಾಗಾಗಿ ಸದ್ದು ಎಂಥದೆಂದು ಬಿಡಿಸಿ ಹೇಳುವವರೂ ಇರಲಿಲ್ಲ. ಕಣ್ಣು ತೆರೆದು, "ಗಾಡಿ ಎಳೀತಿಲ್ಲ ಸಾವ್ಕಾರ್ರೆ, ಅದ್ಕೇ ಒದ್ದಾಡ್ತೈತೆ. ಟೈಮಿಂಗ್ ಹಿಂದೆ ಬಿದ್ದೈತೆ. ಒಂಚೂರು ಮುಂದಕ್ಕೆ ತಂದ್ರೆ ಸರಿಹೋಗ್ತೈತೆ" ಎಂದ.

ಶಿವಕುಮಾರಪ್ಪ ತೊಟ್ಟಿಯ ಕಡೆ ತಿರುಗಿದರು. "ನೀನೇನಮ್ಮ ಹೇಳ್ತೀಯ?"

ರೋಜಾ ಗಂಡನ ಮುಖ ನೋಡಿದಳು. "ಅವ್ರು ಹೇಳಿದ್ರಲ್ರಿ" ಎಂದಳು.

"ಅಷ್ಟು ದೂರದಿಂದ ಬಂದಿದೀನಿ ತಾಯಿ. ನಿಂಗೇನು ಕೇಳಿಸ್ತು, ಹೇಳು."

ಸುಳ್ಳು ಹೇಳಲಾರದೆ ಅವಳು ಹೇಳಿದಳು: "ಟೈಮಿಂಗ್ ಈಗ್ಲೇ ಮುಂದಾಗೈತ್ರಿ. ಪಿಸ್ಟನ್ ಮೇಲಕ್ಕೆ ಬರೋಕೆ ಮುಂಚೆನೇ ಕಿಡಿ ಹಾರ್ತೈತೆ. ಸಂಜೆ ಕುರಿ ಹಟ್ಟಿ ಒಳಗೆ ಬರಾದ್ರೊಳಗೆ ನಾವು ಮರಿ ಬಿಟ್ಬಿಟ್ರೆ ಬಾಗ್ಲಲ್ಲೇ ತಾಯಿ ಮರಿ ಎಲ್ಲಾ ಒಂದಕ್ಕೊಂದು ಡಿಕ್ಕಿ ಹೊಡ್ಕಂತಾವಲ್ಲ, ಹಂಗೆ. ಹಿಂದಕ್ಕೆ ತರ್ಬೇಕು. ಮುಂದಕ್ಕೆ ತಂದ್ರೆ ಕಿಕ್ಕರ್ ತಿರುಗಿ ಒದೀತೈತೆ."

"ನಿನ್ನ ಯಾರೇ ಕೇಳಿದ್ದು?" ಎಂದು ಬೀರೇಶ ಕೂಗಿದ.

"ಅವ್ರೇ ಕೇಳಿದ್ರಲ್ರಿ."

ರಂಗೇಶ ಕಿಸಕ್ಕನೆ ನಕ್ಕ. ಅವಳು ಹೇಳಿದ್ದು ಸರಿಯಿರಬಹುದು ಎಂದು ಬೀರೇಶನಿಗೆ ಅನಿಸಿತು. ಅನಿಸಿದ್ದಕ್ಕೇ ಮೈಯೆಲ್ಲ ಉರಿಯಿತು. ಅವಳು ಹಿಂದಕ್ಕೆ ಎಂದಿದ್ದಳಲ್ಲ, ಅದಕ್ಕೇ ಪ್ಲೇಟನ್ನು ಮುಂದಕ್ಕೆ ತಿರುಗಿಸಿದ, ತಿರುಗಿಸಬೇಕಾದದ್ದಕ್ಕಿಂತ ಹೆಚ್ಚಾಗಿಯೇ ತಿರುಗಿಸಿದ. ಸ್ಕ್ರೂ ಬಿಗಿ ಮಾಡಿ, ಎಲ್ಲರನ್ನೂ ಒಮ್ಮೆ ನೋಡಿ, ಲುಂಗಿ ಎತ್ತಿ ಕಟ್ಟಿ, ಬಲಗಾಲನ್ನು ಕಿಕ್ಕರ್ ಮೇಲಿಟ್ಟ. "ರೀ, ಬ್ಯಾಡ್ರಿ" ಎಂದು ರೋಜಾ ತೊಟ್ಟಿ ಬಿಟ್ಟು ಓಡಿಬರುವಷ್ಟರಲ್ಲಿ ಇದ್ದಬದ್ದ ಹೊಟ್ಟೆಕಿಚ್ಚನ್ನೆಲ್ಲ ಕಾಲಿಗೆ ತಂದು ಒದ್ದ.

ಬುಲೆಟ್ ತಿರುಗಿ ಒದೆಯಿತು. ಕಿಕ್ಕರ್ ಮೇಲಕ್ಕೆ ಚಿಮ್ಮಿ ಮೊಣಕಾಲಿನ ಕೆಳಗೆ ಬಡಿದ ಸದ್ದು ಮಾತ್ರ ಅವನ ಬಲಗಿವಿಗೂ ಚೆನ್ನಾಗಿ ಕೇಳಿಸಿತು.

ಹಿರಿಯೂರಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದರು. ಎಲುಬು ಸೀಳಿದೆ, ಕಾಲು ಊರುವಂತಿಲ್ಲ, ಮನೆಯಲ್ಲಿ ಮಲಗಿರಬೇಕು ಎಂದರು ಡಾಕ್ಟರು. ಬೀರೇಶ ಮನೆಯಲ್ಲಿ ಮಲಗುವ ಆಸಾಮಿಯೇ? ತಾನಿಲ್ಲದ ಅಂಗಡಿಯಲ್ಲಿ ಅವಳೊಬ್ಬಳೇ ಇರುವುದನ್ನು ನೆನೆಸಿಕೊಂಡರೆ ಕಾಲಿಗಿಂತ ಹೊಟ್ಟೆಯಲ್ಲೇ ನೋವು ಜಾಸ್ತಿ. ಹಟ ಹಿಡಿದು ಮಂಚವನ್ನೇ ಅಂಗಡಿಗೆ ಹೊರಿಸಿದ. ತಗಡಿನ ನೆರಳಿನಲ್ಲಿ, ಗೋಡೆಗೆ ಒತ್ತಿ ಹಾಕಿದ ಮಂಚದ ಮೇಲೆ ಕಾಲು ಚಾಚಿ ಮಲಗಿ ಕಾವಲು ಕಾಯತೊಡಗಿದ.

ಕಾವಲು ಕಾಯುವುದು ಅವನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಗಿರಾಕಿಗಳು ಬಂದು "ಹೆಂಗಿದೀಯ ಬೀರೇಶಣ್ಣ" ಎಂದು ಬಾಯಿಮಾತಿಗೆ ಕೇಳಿ, ನೇರ ರೋಜಾಳ ಬಳಿ ಹೋಗುತ್ತಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶಿವಕುಮಾರಪ್ಪ ಬಿಟ್ಟುಹೋಗಿದ್ದ ಬುಲೆಟ್ಟಿನ ಮುಂದೆ ಕೂತಳು. ಸಿಗರೇಟು ಪ್ಯಾಕಿನೊಳಗಿನ ತೆಳು ಕಾಗದವನ್ನು ಪಾಯಿಂಟಿನ ಸಂದಿಗೆ ಸಿಕ್ಕಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ, ಯಾವ ಗಳಿಗೆಯಲ್ಲಿ ಕಾಗದ ಸಡಿಲವಾಗಿ ಬರುತ್ತದೆ ಎಂದು ನೋಡಿದಳು. ಪಾಯಿಂಟ್ ಬಿಟ್ಟುಕೊಳ್ಳುವುದು ಆಗಲೇ, ಕಿಡಿ ಹಾರುವುದೂ ಆಗಲೇ. ಇದನ್ನು ಅವಳಿಗೆ ಬೀರೇಶ ಹೇಳಿಕೊಟ್ಟಿರಲಿಲ್ಲ. ಅವನ ಕೈ ನೋಡಿ ಕಲಿತಿದ್ದಳು, ಅವನ ಕೈಗಿಂತ ಅವಳ ಕೈ ನಿಧಾನವಾಗಿ, ನಯವಾಗಿ ಓಡುತ್ತಿತ್ತು. ಬೀರೇಶನಿಗೆ ನೋಡಲಾಗಲಿಲ್ಲ. ಮೇಲೆ ನೋಡಿದರೆ ತಗಡು, ಎಡಕ್ಕೆ ನೋಡಿದರೆ ಹೆಂಡತಿ. ಬಲಕ್ಕೆ ಗೋಡೆಯ ಕಡೆ ಮುಖ ತಿರುಗಿಸಿ, ತಲೆಯನ್ನು ದಿಂಬಿನೊಳಗೆ ಹುದುಗಿಸಿ ಮಲಗಿಬಿಟ್ಟ.

ಆಗ ಕೇಳಿಸಿತು. ಎದುರಿನ ಏರಿಯ ಮೇಲೆ ಯಾರೋ ಮೇವಿನ ಹೊರೆ ಕಟ್ಟಿಕೊಂಡು ಗಾಡಿ ಹತ್ತಿಸುತ್ತಿದ್ದರು. ಟಿಣ್, ಟಿಣ್, ಟಿಣ್. ಹಿಂದಿನ ದಿನಗಳಲ್ಲಿ ಕೇಳುತ್ತಿದ್ದ ಹಾಗೆಯೇ, ಅಚ್ಚುಕಟ್ಟಾಗಿ. ಬೀರೇಶ ಭ್ರಮೆ ಎಂದುಕೊಂಡ. ಏರಿಯ ಮೇಲೆ ಇನ್ನೊಂದು ಗಾಡಿ ಬರುವವರೆಗೆ ಕಾದು, ದಿಂಬಿನಿಂದ ತಲೆ ಎತ್ತಿ, ಅಭ್ಯಾಸದಂತೆ ಎಡಗಿವಿಗೆ ಹೆಬ್ಬೆರಳು ಒತ್ತಿದ, ಏನೂ ಇಲ್ಲ. ಹೆಬ್ಬೆರಳು ತೆಗೆದ, ಚೈನು ಸವೆದ ಸದ್ದು ಕೂಡ ಬಿಡಿಬಿಡಿಯಾಗಿ ಬಂತು. ಮತ್ತೆ ಮುಚ್ಚಿದ, ಮತ್ತೆ ತೆಗೆದ. ಕೆಟ್ಟದ್ದು ಬಲಗಿವಿ. ಎಡಗಿವಿ ಚಿಕ್ಕಂದಿನಲ್ಲಿ ಹೇಗಿತ್ತೋ ಹಾಗೇ ಇತ್ತು. ಇಷ್ಟು ಕಾಲ ಕಂಬಳಿಯ ಮೇಲೆ ಕೂತು ಅವನು ಮುಚ್ಚಿಕೊಳ್ಳುತ್ತಿದ್ದದ್ದು ಕೇಳಿಸುವ ಕಿವಿಯನ್ನು!

ಅವನಿಗೆ ಅಳು ಬಂತು, ನಗುವೂ ಬಂತು. ಅಪ್ಪನ ಹೆಬ್ಬೆರಳನ್ನು ಬೈಯಬೇಕೋ ತನ್ನದನ್ನು ಕಚ್ಚಬೇಕೋ ತಿಳಿಯಲಿಲ್ಲ. ಆದರೆ ಸಂತೋಷದ ಹಿಂದೆಯೇ ಹಳೇ ಹೊಟ್ಟೆಕಿಚ್ಚು ಎದ್ದು ಕೂತಿತು. ಯಾರಿಗೂ ಹೇಳುವುದು ಬೇಡ ಎಂದುಕೊಂಡ. ಬುಲೆಟ್ ಒಯ್ಯಲು ಶಿವಕುಮಾರಪ್ಪ ಬರಲಿ. ಎಲ್ಲರೆದುರು, ಮಲಗಿದಲ್ಲಿಂದಲೇ, ಅವಳು ಬಿಟ್ಟದ್ದೊಂದನ್ನು ಹಿಡಿದು ಹೇಳುತ್ತೇನೆ. ಕಿವಿ ಯಾರದೆಂದು ಆಗ ಗೊತ್ತಾಗಲಿ.

ಶಿವಕುಮಾರಪ್ಪ ಮರುದಿನ ಬಂದರು. ಬೀರೇಶನ ಕಾಲು ನೋಡಿ ಲೊಚಗುಟ್ಟಿ, ರಂಗೇಶನನ್ನು ಹಿಂದೆ ಕೂರಿಸಿಕೊಂಡು ಏರಿಯ ಕಡೆ ಹೊರಟರು. ರೋಜಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಕೇಳುತ್ತಿದ್ದಳು. ಬೀರೇಶ ಗೋಡೆಗೆ ಮುಖ ಮಾಡಿ, ಎಡಗಿವಿಯನ್ನು ಆಕಾಶಕ್ಕೆ ಕೊಟ್ಟು, ಉಸಿರು ಬಿಗಿಹಿಡಿದ. ಬುಲೆಟ್ ಗಂಭೀರವಾಗಿ ಹತ್ತಿತು. ಬಡಿತ ಇಲ್ಲ, ಒದ್ದಾಟ ಇಲ್ಲ. ಏರಿಯ ತುದಿಯಲ್ಲಿ, ಕಡಿದಾದ ತಿರುವಿನಲ್ಲಿ, ಒಂದೇ ಒಂದು ಟಿಣ್ ಬಂತು.

ಸಿಕ್ಕಿಬಿದ್ದಳು! ಇನ್ನೂ ಒಂಚೂರು ಹಿಂದಕ್ಕೆ ತರಬೇಕಿತ್ತು, ಅವಳು ತಂದಿಲ್ಲ. ಬೀರೇಶನ ಬಾಯಿಗೆ ಮಾತು ಬಂದುಬಿಟ್ಟಿತ್ತು. ಗಾಡಿ ಇಳಿದು ಬರಲಿ, ಶಿವಕುಮಾರಪ್ಪನವರೂ ಕೇಳಲಿ ಎಂದು ಒಂದು ಗಳಿಗೆ ತಡೆದ.

ಗಾಡಿ ಬಂದು ತೊಟ್ಟಿಯ ಬಳಿ ನಿಂತಿತು. ರೋಜಾ ಮೆಲ್ಲಗೆ, ಮಂಚದವರೆಗೆ ಕೇಳಿಸದೆಂದು ಅವಳು ಅಂದುಕೊಂಡಿದ್ದ ದನಿಯಲ್ಲಿ ಹೇಳಿದಳು: "ತುದೀಲಿ ಇನ್ನೊಂದು ಟಿಣ್ ಐತ್ರಿ ಸಾವ್ಕಾರ್ರೆ. ಕೂದಲೆಳೆಯಷ್ಟು ಹಿಂದಕ್ಕೆ ತಂದ್ರೆ ಹೋಗ್ತೈತೆ. ನೀವೊಂದು ಉಪಕಾರ ಮಾಡ್ರಿ. ಅವ್ರ ಹತ್ರ ಹೋಗಿ, ಏರಿ ತುದೀಲಿ ಒಂದೇ ಒಂದು ಟಿಣ್ ಅಂತೈತೆ, ಬಿಟ್ರೆ ನಿಲ್ತೈತೆ ಅಂತ ಬಿಡಿಸಿ ಹೇಳ್ರಿ. ಮಿಕ್ಕಿದ್ದು ಅವ್ರೇ ಹೇಳ್ತಾರೆ. ಅವ್ರು ಹೇಳಿದ್ಮೇಲೆ ನಾನು ಪ್ಲೇಟ್ ಮುಟ್ತೀನಿ. ನಾನಂದೆ ಅಂತ ಮಾತ್ರ ಅನ್ಬ್ಯಾಡ್ರಿ."

"ಯಾಕಮ್ಮ?"

"ಬಂದೋರಿಗೆಲ್ಲ ನಾನು ಹೇಳೋದೇ ಹಿಂಗೆ. ಈ ಅಂಗಡಿ ಕಿವಿ ಅವ್ರದ್ರಿ."

ಬೀರೇಶ ಗೋಡೆ ನೋಡುತ್ತಲೇ ಇದ್ದ. ಗಿರಾಕಿಗಳು ಒಮ್ಮೆಲೇ ಬುದ್ಧಿವಂತರಾದದ್ದು, ಸದ್ದಿನ ಜಾತಕ ಬಿಚ್ಚಿಡುತ್ತಿದ್ದದ್ದು, ತೊಟ್ಟಿಯ ಬಳಿ ತಲೆಯಾಡಿಸುತ್ತಿದ್ದದ್ದು ಎಲ್ಲವೂ ಒಂದೊಂದಾಗಿ ಅವನ ಕಣ್ಣೆದುರು ಬಂದವು. ಅವನಿಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಇಷ್ಟು ಕಾಲ ಅವನ ಹೆಸರನ್ನು ಹೊತ್ತು ಸಾಕಿದವಳು ಅವಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಾಚಿಕೆಯ ಜೊತೆಯಲ್ಲೇ, ಆ ಹಾಳು ಹೊಟ್ಟೆಕಿಚ್ಚು ಇನ್ನೊಮ್ಮೆ ಚುರ್ ಎಂದಿತು. ಕೇಳುವುದರಲ್ಲೂ ಇವಳೇ ಮುಂದೆ, ಬಚ್ಚಿಡುವುದರಲ್ಲೂ ಇವಳೇ ಮುಂದೆ. ಒಂದರಲ್ಲಾದರೂ ನನಗೆ ಬಿಡಬಾರದೇ?

ಶಿವಕುಮಾರಪ್ಪ ಮಂಚದ ಬಳಿ ಬಂದು, ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಹೇಳಿದರು: "ಬೀರೇಶ, ಏರಿ ತುದೀಲಿ ಒಂದೇ ಒಂದು ಟಿಣ್ ಅಂತೈತೆ ನೋಡಪ್ಪ. ಬಿಟ್ರೆ ನಿಲ್ತೈತೆ."

"ಕೇಳಿಸ್ತು ಸಾವ್ಕಾರ್ರೆ" ಎಂದ ಬೀರೇಶ, ಗೋಡೆಯ ಕಡೆಯಿಂದಲೇ. "ಟಿಣ್ಣೂ ಕೇಳಿಸ್ತು. ಆಮೇಲೆ ಮಾತಾಡಿದ್ದೂ ಕೇಳಿಸ್ತು."

ರೋಜಾಳ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಬೀರೇಶ ಮೊಣಕೈ ಊರಿ, ನೋವಿಗೆ ಮುಖ ಹಿಂಡುತ್ತಾ ನಿಧಾನವಾಗಿ ಎದ್ದು ಕೂತ. ಅವಳತ್ತ ನೋಡಿದ, ಅವಳು ಕೂತಿದ್ದ ಬಕೆಟ್ಟನ್ನು ನೋಡಿದ.

"ಬಕೆಟ್ ಮ್ಯಾಲೆ ಯಾಕೆ ಕುಂತಿದೀಯ ಲೇ? ಕಂಬಳಿ ಹಾಸೈತಲ್ಲ."

"ಅದು ಮಾವನ್ದು" ಎಂದಳು ರೋಜಾ. "ನೀವು ಕುಂತ್ಕಳೋದು."

"ಪೂರಾ ಕೊಡ್ತೀನಿ ಅಂದ್ಕಬ್ಯಾಡ. ಅರ್ಧ. ನಡೀ, ಕುಂತ್ಕ ಅಂದ್ನಲ್ಲ."

ರಂಗೇಶನ ಹೆಗಲ ಮೇಲೆ ಭಾರ ಹಾಕಿ, ಪ್ಲಾಸ್ಟರಿನ ಕಾಲನ್ನು ಎಳೆದುಕೊಂಡು ಅವನೂ ಚಪ್ಪಡಿಯವರೆಗೆ ಬಂದ. ಕಂಬಳಿಯ ಮೇಲೆ ಕೂತ. ರೋಜಾ ಚಪ್ಪಲಿ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಎಡಗಡೆ ಜಾಗ ನೋಡಿ ಕೂರಲು ಹೋದಳು. ಶಿವಕುಮಾರಪ್ಪ, ರಂಗೇಶ, ಟೀ ಹಿಡಿದು ನಿಂತಿದ್ದ ಇನ್ನಿಬ್ಬರು ಗಿರಾಕಿಗಳು ಎಲ್ಲರೂ ನೋಡುತ್ತಿದ್ದರು. ಬೀರೇಶ ಅವರೆಲ್ಲರಿಗೂ ಕೇಳಿಸುವ ಹಾಗೆ ಹೇಳಿದ:

"ಆ ಕಡೆ ಬ್ಯಾಡ. ಈ ಕಡೆ, ಬಲಗಡೆ ಬಾ. ಈ ಕಡೆ ನಂಗೆ ಕೇಳ್ಸಲ್ಲ."